ಹತ್ತು ರೂಪಾಯಿಯ ಸಿಹಿ, ಹಿಂಬದಿಯ ಎಚ್ಚರಿಕೆ

ಬೆಂಗಳೂರಿನ ವಿಜಯನಗರದಲ್ಲಿ, ಮಾರುತಿ ಮಂದಿರದಿಂದ ಅತ್ತಿಗುಪ್ಪೆಯ ಕಡೆಗೆ ಸಾಗುವ ರಸ್ತೆಗಳಲ್ಲಾಗಲಿ, ಹಂಪಿನಗರ, ಚಂದ್ರಾ ಲೇಔಟ್, ಮೂಡಲಪಾಳ್ಯಗಳ ಒಳದಾರಿಗಳಲ್ಲಾಗಲಿ, ಬೇಕರಿ ಮತ್ತು ಕಾಂಡಿಮೆಂಟ್ಸ್ ಅಂಗಡಿಗಳ ಫ್ರಿಜ್ಜಿನಲ್ಲಿ ಸಾಲಾಗಿ ನಿಂತಿರುವ ತಂಪು ಪಾನೀಯಗಳ ಪೈಕಿ ಕೆಲವು ಬಾಟಲಿಗಳ ಮೇಲೆ, ಅದು ಮಕ್ಕಳಿಗೆ ಶಿಫಾರಸು ಮಾಡಿದ ಪಾನೀಯವಲ್ಲ ಎಂಬ ಅರ್ಥದ ಒಂದು ವಾಕ್ಯ ಇಂಗ್ಲಿಷಿನಲ್ಲಿ ಅಚ್ಚಾಗಿರುತ್ತದೆ. ಇದು ಕಂಪನಿಗಳ ಔದಾರ್ಯದಿಂದ ಬಂದ ಮಾತಲ್ಲ. ಕೃತಕ ಸಿಹಿಕಾರಕ ಬೆರೆಸಿದ ಯಾವುದೇ ಆಹಾರದ ಪೊಟ್ಟಣದ ಮೇಲೆ ಆ ಸಿಹಿಕಾರಕದ ಹೆಸರನ್ನೂ ಮಕ್ಕಳ ಕುರಿತ ಈ ಎಚ್ಚರಿಕೆಯನ್ನೂ ನಮೂದಿಸಬೇಕೆಂಬುದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐನ, ಲೇಬಲ್ ನಿಯಮಗಳಲ್ಲಿ 2011ರಿಂದಲೂ ಇರುವ ಕಟ್ಟಳೆ. ಮಕ್ಕಳ ಪಾನೀಯಗಳ ಕುರಿತು ಹೆತ್ತವರಲ್ಲಿ ಇಂದು ನಡೆಯುತ್ತಿರುವ ಬಹುಪಾಲು ಚರ್ಚೆ ಸಕ್ಕರೆಯ ಸುತ್ತ ಸುತ್ತುತ್ತಿದ್ದು, ಕಾನೂನೇ ಮಕ್ಕಳ ಹೆಸರೆತ್ತಿ ಬರೆಸಿರುವ ಈ ಸಾಲು ಮಾತ್ರ ಓದುಗರಿಲ್ಲದೆ ಬಾಟಲಿಯ ಬಾಗಿದ ಮೈಯ ಹಿಂಬದಿಯಲ್ಲಿ ಉಳಿದುಕೊಂಡಿದೆ.

ಈ ಸಾಲಿಗೆ ಮೊದಲಿಗಿಂತ ಹೆಚ್ಚಿನ ಮಹತ್ವ ಬಂದಿರುವುದಕ್ಕೆ ಬೆಲೆಯೇ ಕಾರಣ. ಕೆಲವು ವರ್ಷಗಳ ಹಿಂದಿನವರೆಗೆ ಸಕ್ಕರೆರಹಿತ ಕೋಲಾ ಎಂಬುದು ಅಲ್ಯೂಮಿನಿಯಂ ಡಬ್ಬಿಯಲ್ಲಿ, ತುಸು ದುಬಾರಿ ಬೆಲೆಗೆ, ದೊಡ್ಡ ಅಂಗಡಿಗಳಲ್ಲಿ ಸಿಗುತ್ತಿದ್ದ ವಸ್ತುವಾಗಿತ್ತು. ಅದನ್ನು ಕೊಳ್ಳುವವರು ತೂಕ ಇಳಿಸಬೇಕೆಂದಿರುವ ವಯಸ್ಕರು ಅಥವಾ ಮಧುಮೇಹಿಗಳು ಎಂಬ ಊಹೆ ಬಹುಮಟ್ಟಿಗೆ ನಿಜವಾಗಿತ್ತು. 2025ರ ಆರಂಭದಲ್ಲಿ, ಅಗ್ಗದ ದೇಶೀ ಬ್ರ್ಯಾಂಡುಗಳ ಪೈಪೋಟಿ ಬಿರುಸಾದ ಹೊತ್ತಿಗೆ, ದೊಡ್ಡ ಪಾನೀಯ ಕಂಪನಿಗಳು ತಮ್ಮ ಸಕ್ಕರೆರಹಿತ ಬಗೆಗಳನ್ನು 10 ರೂಪಾಯಿಯ ಪುಟ್ಟ ಬಾಟಲಿಗಳಲ್ಲಿ ಮಾರುಕಟ್ಟೆಗೆ ಇಳಿಸಿದವು. ಹತ್ತು ರೂಪಾಯಿ ಎಂಬುದು ಶಾಲೆ ಬಿಟ್ಟ ಮಗುವಿನ ಜೇಬಿನಲ್ಲಿ ಇರಬಹುದಾದ ಮೊತ್ತ. ವಯಸ್ಕರನ್ನು ಮನಸ್ಸಿನಲ್ಲಿಟ್ಟುಕೊಂಡು ತಯಾರಾದ ಪಾನೀಯ ಮಕ್ಕಳ ಕೈಗೆಟಕುವ ಬೆಲೆಗೆ ಇಳಿದಾಗ ಅದರ ಮೇಲಿನ ಎಚ್ಚರಿಕೆಯೂ ಅದೇ ಪ್ರಮಾಣದಲ್ಲಿ ಮುಂದಕ್ಕೆ ಬರಬೇಕಿತ್ತು, ಬರಲಿಲ್ಲ.

ಕೃತಕ ಸಿಹಿಕಾರಕಗಳೆಂದರೆ ಸಕ್ಕರೆಗಿಂತ ನೂರಾರು ಪಟ್ಟು ಸಿಹಿಯಾಗಿದ್ದು, ಬಳಸುವ ಪ್ರಮಾಣ ತೀರಾ ಅಲ್ಪವಾದ್ದರಿಂದ ಶಕ್ತಿಯನ್ನು, ಅಂದರೆ ಕ್ಯಾಲೊರಿಗಳನ್ನು, ಹೆಚ್ಚುಕಡಿಮೆ ಕೊಡದಿರುವ ರಾಸಾಯನಿಕಗಳು. ಇವುಗಳಲ್ಲಿ ಅತಿ ಹಳೆಯದಾದ ಸ್ಯಾಕರಿನ್ 1879ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಆಕಸ್ಮಿಕವಾಗಿ ಪತ್ತೆಯಾಯಿತು. ಬೆಂಗಳೂರಿನ ಹಳೆಯ ತಲೆಮಾರಿಗೆ ಅಗ್ಗದ ಐಸ್ ಕ್ಯಾಂಡಿಯ ಸಂಬಂಧದಲ್ಲಿ ಈ ಹೆಸರು ಪರಿಚಿತ. ಆಸ್ಪರ್ಟೇಮ್ 1965ರಲ್ಲೂ ಸುಕ್ರಲೋಸ್ 1976ರಲ್ಲೂ ಹೀಗೆಯೇ, ಬೇರಾವುದೋ ಉದ್ದೇಶದ ಪ್ರಯೋಗದ ನಡುವೆ ಕೈಗೆ ಸಿಕ್ಕವು. ಸುಕ್ರಲೋಸಿನ ವಿಷಯದಲ್ಲಿ, ಲಂಡನ್ನಿನಲ್ಲಿ ಸಂಶೋಧಕರಾಗಿದ್ದ ಭಾರತೀಯ ಮೂಲದ ಶಶಿಕಾಂತ ಫಡ್ನಿಸ್ ಅವರು ಪುಡಿಯನ್ನು ಪರೀಕ್ಷಿಸುವಂತೆ ಹೇಳಿದ್ದನ್ನು ರುಚಿ ನೋಡುವಂತೆ ಹೇಳಿದರೆಂದು ತಿಳಿದು ನಾಲಿಗೆಗೆ ಹಾಕಿಕೊಂಡರೆಂಬ ಕಥೆ ರಸಾಯನವಿಜ್ಞಾನಿಗಳ ವಲಯದಲ್ಲಿ ಪ್ರಸಿದ್ಧವಾಗಿದೆ. ಆಸ್ಪರ್ಟೇಮ್ ಮತ್ತು ಅಸೆಸಲ್ಫೇಮ್ ಪೊಟ್ಯಾಸಿಯಂ ಸಕ್ಕರೆಗಿಂತ ಸುಮಾರು 200 ಪಟ್ಟು, ಸುಕ್ರಲೋಸ್ ಸುಮಾರು 600 ಪಟ್ಟು ಸಿಹಿ. ಇವನ್ನು ಪದಾರ್ಥಪಟ್ಟಿಯಲ್ಲಿ ಹೆಸರಿನ ಜೊತೆಗೋ ಬದಲಿಗೋ ಅಂತರರಾಷ್ಟ್ರೀಯ ಸಂಖ್ಯೆಗಳಿಂದಲೂ ಸೂಚಿಸುವ ರೂಢಿಯಿದ್ದು, 950 ಎಂದರೆ ಅಸೆಸಲ್ಫೇಮ್, 951 ಎಂದರೆ ಆಸ್ಪರ್ಟೇಮ್, 954 ಎಂದರೆ ಸ್ಯಾಕರಿನ್, 955 ಎಂದರೆ ಸುಕ್ರಲೋಸ್, 960 ಎಂದರೆ ಸ್ಟೀವಿಯಾ ಎಂಬ ಗಿಡದ ಎಲೆಯಿಂದ ತೆಗೆದ ಸಿಹಿ ಅಂಶ.

ಎಚ್ಚರಿಕೆಯ ವಾಕ್ಯವನ್ನು ಓದಿದವರಿಗೂ ಅದರಿಂದ ದೊರೆಯುವ ತಿಳಿವಳಿಕೆ ಕಡಿಮೆಯೇ. ಮಗು ಎಂದರೆ ಎಷ್ಟು ವಯಸ್ಸಿನವರೆಗೆ ಎಂಬುದನ್ನು ಅದು ಹೇಳುವುದಿಲ್ಲ; ಎರಡು ವರ್ಷದ ಕೂಸಿಗೂ ಹತ್ತನೆಯ ತರಗತಿಯ ಹುಡುಗನಿಗೂ ಅದೇ ಮಾತು ಅನ್ವಯಿಸುತ್ತದೆಯೇ ಎಂಬುದು ಓದುಗನ ಊಹೆಗೆ ಬಿಟ್ಟ ಸಂಗತಿ. ಶಿಫಾರಸು ಮಾಡದಿರಲು ಕಾರಣವೇನು ಎಂಬುದೂ ಇಲ್ಲ. ಅದರ ಪಕ್ಕದಲ್ಲೇ ಆಸ್ಪರ್ಟೇಮ್ ಇರುವ ಪಾನೀಯಗಳಲ್ಲಿ ಬರುವ ಮತ್ತೊಂದು ಎಚ್ಚರಿಕೆ, ಫಿನೈಲ್‌ಕೀಟೋನ್ಯೂರಿಯಾ ಇರುವವರಿಗೆ ಇದು ತಕ್ಕುದಲ್ಲ ಎಂಬುದು, ಇದಕ್ಕಿಂತ ಸ್ಪಷ್ಟವಾಗಿದೆ: ಆಹಾರದ ಪ್ರೋಟೀನಿನಲ್ಲಿರುವ ಫಿನೈಲ್‌ಅಲನೈನ್ ಎಂಬ ಅಂಶವನ್ನು ಒಡೆಯುವ ಶಕ್ತಿ ಹುಟ್ಟಿನಿಂದಲೇ ಇಲ್ಲದ ಅಪರೂಪದ ಮಕ್ಕಳಲ್ಲಿ ಅದು ರಕ್ತದಲ್ಲಿ ಶೇಖರವಾಗಿ ಮಿದುಳಿನ ಬೆಳವಣಿಗೆಗೆ ಪೆಟ್ಟು ಕೊಡುತ್ತದೆ, ಮತ್ತು ಆಸ್ಪರ್ಟೇಮ್ ಜೀರ್ಣವಾದಾಗ ಬಿಡುಗಡೆಯಾಗುವ ಅಂಶಗಳಲ್ಲಿ ಅದೂ ಒಂದು. ಅಲ್ಲಿ ಯಾರಿಗೆ, ಏಕೆ ಎಂಬುದು ಖಚಿತ. ಎಲ್ಲ ಮಕ್ಕಳಿಗೂ ಅನ್ವಯಿಸುವ ಸಾಲಾದರೋ ಗೋಡೆಯ ಮೇಲಿನ ಸಾಮಾನ್ಯ ಸೂಚನೆಯಂತೆ ಕಣ್ಣಿಗೆ ಬಿದ್ದೂ ಬೀಳದಂತಿದೆ.

ಕಾರಣವನ್ನು ಹುಡುಕಿಕೊಳ್ಳಲು ಒಂದು ಸಣ್ಣ ಲೆಕ್ಕ ನೆರವಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಗಳ ಜಂಟಿ ತಜ್ಞರ ಸಮಿತಿ ಪ್ರತಿಯೊಂದು ಸಿಹಿಕಾರಕಕ್ಕೂ ದೈನಿಕ ಸ್ವೀಕಾರಾರ್ಹ ಸೇವನೆ ಎಂಬ ಮಿತಿಯನ್ನು ನಿಗದಿಪಡಿಸಿದೆ. ಜೀವನವಿಡೀ ಪ್ರತಿದಿನ ಸೇವಿಸಿದರೂ ಹಾನಿ ನಿರೀಕ್ಷಿಸಬೇಕಿಲ್ಲ ಎನ್ನಲಾಗುವ ಪ್ರಮಾಣವದು. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಯಾವ ದುಷ್ಪರಿಣಾಮವೂ ಕಾಣದ ಪ್ರಮಾಣವನ್ನು ಸಾಮಾನ್ಯವಾಗಿ ನೂರರಿಂದ ಭಾಗಿಸಿ ಇದನ್ನು ಪಡೆಯುತ್ತಾರೆ ಮತ್ತು ದೇಹತೂಕದ ಪ್ರತಿ ಕಿಲೋಗ್ರಾಂಗೆ ಇಷ್ಟು ಎಂದು ಹೇಳುತ್ತಾರೆ. ಆಸ್ಪರ್ಟೇಮಿಗೆ ಅದು 40 ಮಿಲಿಗ್ರಾಂ, ಸುಕ್ರಲೋಸ್ ಮತ್ತು ಅಸೆಸಲ್ಫೇಮಿಗೆ 15, ಸ್ಯಾಕರಿನ್ನಿಗೆ 5. ಒಂದು ಡಬ್ಬಿ ಡಯಟ್ ಪಾನೀಯದಲ್ಲಿ 200ರಿಂದ 300 ಮಿಲಿಗ್ರಾಂ ಆಸ್ಪರ್ಟೇಮ್ ಇದೆಯೆಂದುಕೊಂಡರೆ, 70 ಕಿಲೋ ತೂಕದ ವಯಸ್ಕರೊಬ್ಬರು ಮಿತಿ ದಾಟಬೇಕಾದರೆ ದಿನಕ್ಕೆ 9ರಿಂದ 14 ಡಬ್ಬಿಗಿಂತ ಹೆಚ್ಚು ಕುಡಿಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ವಿವರಿಸಿತು. ಅದೇ ಲೆಕ್ಕವನ್ನು 20 ಕಿಲೋ ತೂಗುವ, ಸುಮಾರು ಆರು ವರ್ಷದ ಮಗುವಿಗೆ ಹಾಕಿದರೆ ಮಿತಿ 800 ಮಿಲಿಗ್ರಾಂ ಆಗುತ್ತದೆ, ಅಂದರೆ ಮೂರು ನಾಲ್ಕು ಡಬ್ಬಿ. ಒಂದು ಪುಟ್ಟ ಬಾಟಲಿಯಿಂದ ಮಗುವಿಗೆ ಅಪಾಯವಾಗುವುದಿಲ್ಲ ಎಂಬುದು ಈ ಲೆಕ್ಕದಿಂದ ಸ್ಪಷ್ಟ. ಅಷ್ಟೇ ಸ್ಪಷ್ಟವಾದ ಇನ್ನೊಂದು ಸಂಗತಿಯೆಂದರೆ, ವಯಸ್ಕನಿಗೆ ಇರುವ ಧಾರಾಳವಾದ ಅಂತರ ಮಗುವಿಗೆ ಇಲ್ಲ, ಮತ್ತು ಮಗುವಿಗೆ ಸಿಹಿಕಾರಕ ಬರುವುದು ಪಾನೀಯವೊಂದರಿಂದಲೇ ಅಲ್ಲ. ಚ್ಯೂಯಿಂಗ್ ಗಮ್, ಕೆಮ್ಮಿನ ಸಿರಪ್, ಟೂತ್‌ಪೇಸ್ಟ್ ಇವುಗಳಲ್ಲೂ ಅವು ಇರುತ್ತವೆ.

2023ರ ಜುಲೈ 14ರಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಆಸ್ಪರ್ಟೇಮನ್ನು 2ಬಿ ಗುಂಪಿಗೆ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರಿಗೆ ಕಾರಣವಾಗುವ ಸಾಧ್ಯತೆಯನ್ನು ತಳ್ಳಿಹಾಕಲಾಗದ ಆದರೆ ಸಾಕ್ಷ್ಯ ಸೀಮಿತವಾಗಿರುವ ವಸ್ತುಗಳ ಗುಂಪಿಗೆ, ಸೇರಿಸಿದಾಗ ಪೋಷಕರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಆ ಸುದ್ದಿ ಹಬ್ಬಿದ ವೇಗಕ್ಕೂ, ಅದೇ ದಿನ ಜಂಟಿ ತಜ್ಞರ ಸಮಿತಿ 40 ಮಿಲಿಗ್ರಾಂ ಮಿತಿಯನ್ನು ಬದಲಿಸಲು ಕಾರಣ ಕಾಣುವುದಿಲ್ಲವೆಂದು ಹೇಳಿದ ಮಾತು ತಲುಪಿದ ವೇಗಕ್ಕೂ ಹೋಲಿಕೆಯೇ ಇರಲಿಲ್ಲ. ಕ್ಯಾನ್ಸರ್ ವಿಭಾಗದ ಗುಂಪುಗಳು ಸಾಕ್ಷ್ಯದ ಬಲವನ್ನು ಹೇಳುತ್ತವೆಯೇ ಹೊರತು ಅಪಾಯದ ಪ್ರಮಾಣವನ್ನಲ್ಲ ಎಂಬ ಸೂಕ್ಷ್ಮ ಸುದ್ದಿಯ ತಲೆಬರಹದಲ್ಲಿ ಉಳಿಯಲಿಲ್ಲ. ಹೆತ್ತವರ ದೃಷ್ಟಿಯಿಂದ ಹೆಚ್ಚು ಉಪಯುಕ್ತವಾದದ್ದು ಅದಕ್ಕೆ ಎರಡು ತಿಂಗಳ ಹಿಂದೆ, 2023ರ ಮೇ 15ರಂದು, ಅದೇ ಸಂಸ್ಥೆ ಹೊರಡಿಸಿದ ಮಾರ್ಗಸೂಚಿ. ತೂಕ ನಿಯಂತ್ರಣಕ್ಕಾಗಿ ಅಥವಾ ಅಸಾಂಕ್ರಾಮಿಕ ರೋಗಗಳನ್ನು ತಡೆಯುವ ಉದ್ದೇಶದಿಂದ ಸಕ್ಕರೆಯೇತರ ಸಿಹಿಕಾರಕಗಳನ್ನು ಬಳಸದಿರುವುದು ಮೇಲೆಂದು ಅದು ಹೇಳಿತು; ದೀರ್ಘಕಾಲದಲ್ಲಿ ಅವು ದೇಹದ ಕೊಬ್ಬನ್ನು ಇಳಿಸುತ್ತವೆಂಬುದಕ್ಕೆ ಆಧಾರ ಸಿಗಲಿಲ್ಲವೆಂಬುದೂ, ಆಹಾರದ ಒಟ್ಟು ಸಿಹಿಯನ್ನೇ ಎಳೆಯ ವಯಸ್ಸಿನಿಂದ ತಗ್ಗಿಸಬೇಕೆಂಬುದೂ ಅದರ ತಿರುಳು. ಈ ಶಿಫಾರಸು ಷರತ್ತುಬದ್ಧವಾದದ್ದು, ಮತ್ತು ಈಗಾಗಲೇ ಮಧುಮೇಹ ಇರುವವರಿಗೆ ಅನ್ವಯಿಸುವುದಿಲ್ಲ. ವಯಸ್ಕ ಮಧುಮೇಹಿಗಳ ಮೇಲಿನ ಅಧ್ಯಯನಗಳನ್ನು ತೋರಿಸಿ ಮಕ್ಕಳ ಪಾನೀಯವನ್ನು ಸಮರ್ಥಿಸುವ ಜಾಹೀರಾತಿನ ತರ್ಕ ಇಲ್ಲಿಯೇ ಕುಸಿಯುತ್ತದೆ.

ಮಕ್ಕಳ ಮಟ್ಟಿಗೆ ಮುಖ್ಯವಾದ ಪ್ರಶ್ನೆ ವಿಷದ್ದಲ್ಲ, ರುಚಿಯ ಅಭ್ಯಾಸದ್ದು. ಸಿಹಿಯನ್ನು ಮೆಚ್ಚುವುದು ಶಿಶುವಿನ ಹುಟ್ಟುಗುಣ. ಎಷ್ಟು ಸಿಹಿ ಸಾಕೆನ್ನುವುದು ಮಾತ್ರ ಮನೆಯ ಅಡುಗೆಯೂ ಅಂಗಡಿಯ ಬಾಟಲಿಯೂ ಕಲಿಸುವ ಪಾಠ. ಸಕ್ಕರೆ ತೆಗೆದು ಅಷ್ಟೇ ಸಿಹಿಯನ್ನು ಉಳಿಸಿಕೊಂಡ ಪಾನೀಯ ಕ್ಯಾಲೊರಿಯನ್ನು ಇಳಿಸುತ್ತದೆ, ಹಲ್ಲಿನ ಹುಳುಕನ್ನೂ ಒಂದು ಮಟ್ಟಿಗೆ ತಡೆಯಬಹುದು, ಆದರೆ ನೀರಾಗಲಿ ಮಜ್ಜಿಗೆಯಾಗಲಿ ಸಪ್ಪೆ ಎನ್ನಿಸುವ ನಾಲಿಗೆಯನ್ನು ಹಾಗೆಯೇ ಬಿಡುತ್ತದೆ.

ಹೆತ್ತವರ ನಿಲುವುಗಳಲ್ಲಿ ಒಂದು ವಿಚಿತ್ರವಾದ ಬಿರುಕು ಕಾಣುವುದು ಇಲ್ಲಿ. ಅಮೆರಿಕದಲ್ಲಿ 2014ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ, ಸಿಹಿಕಾರಕಗಳು ತಮ್ಮ ಮಕ್ಕಳಿಗೆ ಸುರಕ್ಷಿತ ಎಂಬ ಮಾತನ್ನು ಹೆಚ್ಚುಕಡಿಮೆ ಮುಕ್ಕಾಲು ಪಾಲು ಪೋಷಕರು ಒಪ್ಪಲಿಲ್ಲ. ಆದರೆ ಅಂಗಡಿಯ ವಸ್ತುಗಳನ್ನು ಮುಂದಿಟ್ಟಾಗ, ಸಿಹಿಕಾರಕವಿದ್ದ ವಸ್ತುಗಳಲ್ಲಿ ಕಾಲು ಭಾಗದಷ್ಟನ್ನೂ ಅವರಿಂದ ಗುರುತಿಸಲಾಗಲಿಲ್ಲ. ಸಕ್ಕರೆ ಕಡಿಮೆ ಎಂದು ಬರೆದ ಪೊಟ್ಟಣಗಳನ್ನು ಹುಡುಕಿ ಕೊಳ್ಳುವ ಪೋಷಕರೇ, ಆ ಬರಹದ ಹಿಂದೆ ತಾವು ಒಲ್ಲೆವೆಂದ ಸಿಹಿಕಾರಕವಿರಬಹುದೆಂಬುದನ್ನು ಅರಿತಿರಲಿಲ್ಲ. ವಿಜಯನಗರದಂತಹ ಮಧ್ಯಮವರ್ಗದ ಬಡಾವಣೆಯಲ್ಲಿ, ದಿನಸಿ ಕೊಳ್ಳುವಾಗ ಮುಂಭಾಗದ ದೊಡ್ಡ ಅಕ್ಷರಗಳನ್ನೂ ಬೆಲೆಯನ್ನೂ ತಯಾರಿಕೆಯ ದಿನಾಂಕವನ್ನೂ ನೋಡಿ ಹಿಂಬದಿಯನ್ನು ಬಿಟ್ಟುಬಿಡುವ ಅಭ್ಯಾಸ ವ್ಯಾಪಕವಾಗಿರುವುದರಿಂದ, ಈ ಬಿರುಕು ಇಲ್ಲಿ ಕಿರಿದಾಗಿದೆಯೆಂದು ಭಾವಿಸಲು ಕಾರಣವಿಲ್ಲ. ಇದಕ್ಕೆ ಹೆತ್ತವರ ಅಸಡ್ಡೆಯನ್ನು ದೂರುವುದು ಅನ್ಯಾಯ. ದುಡಿದು ಬಂದು, ಮೆಟ್ರೊ ಇಳಿದು, ಮಗುವನ್ನು ಟ್ಯೂಷನ್ನಿಂದ ಕರೆದೊಯ್ಯುವ ದಾರಿಯಲ್ಲಿ ಅಂಗಡಿಯ ಮುಂದೆ ನಿಂತವರಿಂದ ಸಂಖ್ಯೆಗಳ ಪಟ್ಟಿಯ ಅಧ್ಯಯನವನ್ನು ನಿರೀಕ್ಷಿಸುವ ಲೇಬಲ್ ವ್ಯವಸ್ಥೆಯೇ ಮೂಲದಲ್ಲಿ ದೋಷಪೂರ್ಣ.

ಸಕ್ಕರೆಯ ವಿಷಯದಲ್ಲಿ ಮಾತ್ರ ಭಾರತದ ಪೋಷಕರು ಕಳೆದ ಕೆಲವೇ ವರ್ಷಗಳಲ್ಲಿ ಬಹಳಷ್ಟನ್ನು ಕಲಿತಿದ್ದಾರೆ, ಮತ್ತು ಆ ಕಲಿಕೆ ಹಾಲಿಗೆ ಬೆರೆಸುವ ಪುಡಿಗಳಿಂದ ಆರಂಭವಾಯಿತು. ಹಾಲಿಗೆ ಬೋರ್ನ್‌ವೀಟಾ, ಹಾರ್ಲಿಕ್ಸ್, ಬೂಸ್ಟ್ ಹಾಕಿ ಕೊಡುವುದು ಬೆಂಗಳೂರಿನ ಮನೆಗಳಲ್ಲಿ ಎರಡು ಮೂರು ತಲೆಮಾರುಗಳಿಂದ ಬಂದ ರೂಢಿ. 2023ರ ಏಪ್ರಿಲ್‌ನಲ್ಲಿ ರೇವಂತ್ ಹಿಮತ್‌ಸಿಂಗ್ಕಾ ಎಂಬ ಯುವಕ ಬೋರ್ನ್‌ವೀಟಾದ ಸಕ್ಕರೆಯ ಪ್ರಮಾಣವನ್ನು ಟೀಕಿಸಿ ಮಾಡಿದ ವಿಡಿಯೊ ದೇಶವೆಲ್ಲ ಹರಡಿತು. ಕಂಪನಿಯ ಲೀಗಲ್ ನೋಟಿಸಿನ ನಂತರ ಅವರು ಅದನ್ನು ತೆಗೆದುಹಾಕಿದರಾದರೂ, ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಕಂಪನಿಯಿಂದ ವಿವರಣೆ ಕೇಳಿತು, ಮತ್ತು ಅದೇ ವರ್ಷದ ಕೊನೆಗೆ 100 ಗ್ರಾಂ ಪುಡಿಯಲ್ಲಿ 37.4 ಗ್ರಾಂ ಇದ್ದ ಸೇರಿಸಿದ ಸಕ್ಕರೆಯನ್ನು ಕಂಪನಿ 32.2 ಗ್ರಾಂಗೆ ಇಳಿಸಿತು. ಹೆಲ್ತ್ ಡ್ರಿಂಕ್ ಎಂಬ ವರ್ಗವೇ 2006ರ ಆಹಾರ ಸುರಕ್ಷತಾ ಕಾಯ್ದೆಯಲ್ಲಿ ಇಲ್ಲವೆಂಬುದು ಈ ವಿಚಾರಣೆಯ ನಡುವೆ ಎಲ್ಲರ ಗಮನಕ್ಕೆ ಬಂದಿತು. 2024ರ ಏಪ್ರಿಲ್ ಆರಂಭದಲ್ಲಿ ಎಫ್‌ಎಸ್‌ಎಸ್‌ಎಐ, ಅದರ ಬೆನ್ನಲ್ಲೇ ಕೇಂದ್ರ ವಾಣಿಜ್ಯ ಸಚಿವಾಲಯ, ಇಂತಹ ಪುಡಿಗಳನ್ನು ಆ ಶೀರ್ಷಿಕೆಯಡಿ ಮಾರಬಾರದೆಂದು ಆನ್‌ಲೈನ್ ಮಾರಾಟ ಸಂಸ್ಥೆಗಳಿಗೆ ಸೂಚಿಸಿದವು. ಹಾರ್ಲಿಕ್ಸ್ ಮತ್ತು ಬೂಸ್ಟ್‌ಗಳ ಒಡೆತನದ ಕಂಪನಿ ತನ್ನ ಆರೋಗ್ಯ ಪಾನೀಯಗಳ ವಿಭಾಗಕ್ಕೆ ಕ್ರಿಯಾತ್ಮಕ ಪೌಷ್ಟಿಕ ಪಾನೀಯಗಳು ಎಂಬರ್ಥದ ಹೊಸ ಹೆಸರಿಟ್ಟುಕೊಂಡಿತು. ದಶಕಗಳಿಂದ ಟೀವಿ ಜಾಹೀರಾತುಗಳು ಕಟ್ಟಿದ ನಂಬಿಕೆಗೆ ಕಾಯ್ದೆಯಲ್ಲಿ ಒಂದು ಸಾಲಿನ ಆಧಾರವೂ ಇರಲಿಲ್ಲವೆಂಬುದು ಗಮನಾರ್ಹ.

ಔಷಧ ಅಂಗಡಿಯಲ್ಲೂ ಇಂತಹುದೇ ಪ್ರಸಂಗ ನಡೆಯಿತು. ವಾಂತಿಭೇದಿಯಿಂದ ನೀರಿನಂಶ ಕಳೆದುಕೊಂಡ ಮಗುವಿಗೆ ಕೊಡುವ ಓಆರ್‌ಎಸ್‌ನಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪ್ರಕಾರ, ಒಂದು ಲೀಟರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು ಮತ್ತು ನಿಗದಿತ ಪ್ರಮಾಣದ ಬೇರೆ ಲವಣಗಳು ಇರಬೇಕು. ಸಕ್ಕರೆ ಇದಕ್ಕಿಂತ ಬಹಳ ಹೆಚ್ಚಾದರೆ ಕರುಳು ದೇಹದ ನೀರನ್ನೇ ಒಳಕ್ಕೆ ಸೆಳೆದು ಭೇದಿ ಉಲ್ಬಣಿಸುತ್ತದೆ. ಆದರೆ ಸಕ್ಕರೆ ತುಂಬಿದ ಹಣ್ಣಿನ ರುಚಿಯ ಪಾನೀಯಗಳೂ ಹೆಸರಿನಲ್ಲಿ ಓಆರ್‌ಎಸ್ ಎಂಬ ಅಕ್ಷರಗಳನ್ನು ಹೊತ್ತು ಟೆಟ್ರಾ ಪ್ಯಾಕುಗಳಲ್ಲಿ ಮಾರಾಟವಾಗುತ್ತಿದ್ದವು. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ಇದರ ವಿರುದ್ಧ ವರ್ಷಗಟ್ಟಲೆ ಹೋರಾಡಿದರು. ಎಫ್‌ಎಸ್‌ಎಸ್‌ಎಐ 2022ರ ಏಪ್ರಿಲ್‌ನಲ್ಲಿ ಅದನ್ನು ನಿಷೇಧಿಸಿ, ಜುಲೈನಲ್ಲಿ ಇದು ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರವಲ್ಲ ಎಂಬ ಹೇಳಿಕೆ ಅಚ್ಚಿಸಿದರೆ ಸಾಕೆಂದು ಸಡಿಲಿಸಿ, ಕೊನೆಗೆ 2025ರ ಅಕ್ಟೋಬರ್ 14ರಂದು ಆ ಸಡಿಲಿಕೆಯನ್ನೂ ಹಿಂತೆಗೆದುಕೊಂಡಿತು. ಮುಂಭಾಗದಲ್ಲಿ ದೊಡ್ಡದಾಗಿ ಒಂದು ಹೆಸರು, ಬೇರೆಡೆ ಅದನ್ನು ಅಲ್ಲಗಳೆಯುವ ಒಂದು ಹೇಳಿಕೆ ಎಂಬ ಏರ್ಪಾಟು ಪೋಷಕರನ್ನು ರಕ್ಷಿಸುವುದಿಲ್ಲವೆಂದು ನಿಯಂತ್ರಕ ಸಂಸ್ಥೆಯೇ ಒಪ್ಪಿಕೊಂಡಂತಾಯಿತು. ಸಿಹಿಕಾರಕದ ಎಚ್ಚರಿಕೆಗೆ ಈ ತರ್ಕವನ್ನು ಅನ್ವಯಿಸದಿರಲು ಯಾವ ಸಮರ್ಥನೆಯೂ ಕಾಣದು.

ಹೀಗೆ ಮೂಡಿದ ಸಕ್ಕರೆಯ ಅರಿವು ಶಾಲೆಗಳನ್ನೂ ತಲುಪಿದೆ. 2025ರ ಮೇ ತಿಂಗಳಲ್ಲಿ ಕೇಂದ್ರೀಯ ಪ್ರೌಢ ಶಿಕ್ಷಣ ಮಂಡಳಿ, ಅಂದರೆ ಸಿಬಿಎಸ್‌ಇ, ತನ್ನ ಶಾಲೆಗಳಲ್ಲಿ ಸಕ್ಕರೆ ಫಲಕಗಳನ್ನು ಹಾಕುವಂತೆ ಸೂಚಿಸಿತು. 4ರಿಂದ 10 ವರ್ಷದ ಮಕ್ಕಳ ದೈನಿಕ ಶಕ್ತಿಯಲ್ಲಿ ಶೇ 13ರಷ್ಟು ಸಕ್ಕರೆಯಿಂದ ಬರುತ್ತಿದ್ದು, ಅದು ಶೇ 5ರ ಮಿತಿಯಲ್ಲಿರಬೇಕೆಂದು ಆ ಸುತ್ತೋಲೆ ಹೇಳಿತು. ಏಳರಿಂದ ಒಂಬತ್ತು ವರ್ಷದ ಮಗುವಿಗೆ ದಿನಕ್ಕೆ 1700 ಕಿಲೋಕ್ಯಾಲೊರಿ ಬೇಕೆಂದು ಹಿಡಿದರೆ ಶೇ 5 ಎಂದರೆ ಸುಮಾರು 21 ಗ್ರಾಂ ಸಕ್ಕರೆ. 200 ಮಿಲಿಲೀಟರಿನ ಒಂದು ಸಾಮಾನ್ಯ ಕೋಲಾ ಬಾಟಲಿಯಲ್ಲಿ ಅಷ್ಟೂ ಇರುತ್ತದೆ. ಫಲಕ ಒಳ್ಳೆಯದೇ, ಆದರೆ ಅದರ ಮುಂದೆ ನಿಂತು ಪಾನೀಯಗಳನ್ನು ಹೋಲಿಸುವ ವಿದ್ಯಾರ್ಥಿಗೆ ಸೊನ್ನೆ ಚಮಚ ಸಕ್ಕರೆಯ ಡಯಟ್ ಕೋಲಾವೇ ಅತ್ಯುತ್ತಮವಾಗಿ ಕಾಣುವುದು ಸಹಜ. ಶಾಲಾ ಆಹಾರದ ಕುರಿತ ಎಫ್‌ಎಸ್‌ಎಸ್‌ಎಐನ 2020ರ ನಿಯಮಾವಳಿಯೂ ಇದೇ ಜಾಡಿನದು: ಶಾಲಾ ಆವರಣದಲ್ಲೂ ಗೇಟಿನಿಂದ 50 ಮೀಟರ್ ಸುತ್ತಲೂ ಹೆಚ್ಚು ಕೊಬ್ಬು, ಉಪ್ಪು ಅಥವಾ ಸಕ್ಕರೆಯಿರುವ ಆಹಾರವನ್ನು ಮಾರಬಾರದೆಂದು ಅದು ಹೇಳುತ್ತದೆ, ಆದರೆ ಅಂತಹ ಆಹಾರದ ವ್ಯಾಖ್ಯೆಯಲ್ಲಿ ಸಿಹಿಕಾರಕದ ಪ್ರಸ್ತಾಪವಿಲ್ಲ. ಮನೆಗಳು ಒತ್ತೊತ್ತಾಗಿರುವ ವಿಜಯನಗರದಲ್ಲಿ ಶಾಲೆಯ ಗೇಟಿನಿಂದ 50 ಮೀಟರ್ ಎಂದರೆ ಎರಡು ಬೇಕರಿ, ಒಂದು ಜ್ಯೂಸ್ ಅಂಗಡಿ ಇರಬಹುದಾದ ದೂರ. ಅಲ್ಲಿ ಸಕ್ಕರೆಯ ಕೋಲಾ ನಿಷಿದ್ಧವಾದರೂ, ಮಕ್ಕಳಿಗೆ ಶಿಫಾರಸು ಮಾಡುವುದಿಲ್ಲ ಎಂದು ತಾನೇ ಸಾರುವ ಬಾಟಲಿ ಆ ವ್ಯಾಖ್ಯೆಯಿಂದ ನುಣುಚಿಕೊಳ್ಳುತ್ತದೆ.

ಸಕ್ಕರೆಯನ್ನಷ್ಟೇ ಗುರಿಯಾಗಿಸಿದರೆ ಏನಾಗುತ್ತದೆಂಬುದನ್ನು ಚಿಲಿ ದೇಶ ಕಂಡಿದೆ. ಅಲ್ಲಿ 2016ರಲ್ಲಿ ಹೆಚ್ಚು ಸಕ್ಕರೆ, ಉಪ್ಪು, ಕೊಬ್ಬು ಇರುವ ಪೊಟ್ಟಣಗಳ ಮುಂಭಾಗದಲ್ಲಿ ಕಪ್ಪು ಅಷ್ಟಭುಜಾಕೃತಿಯ ಎಚ್ಚರಿಕೆ ಕಡ್ಡಾಯವಾಯಿತು; ಸಕ್ಕರೆ ಇಳಿಯಿತು, ಆದರೆ ಕಪ್ಪು ಚಿಹ್ನೆಯನ್ನು ತಪ್ಪಿಸಿಕೊಳ್ಳಲು ತಯಾರಕರು ಸಿಹಿಕಾರಕಗಳತ್ತ ವಾಲಿದ್ದರಿಂದ ಎಳೆಯ ಮಕ್ಕಳ ಸಿಹಿಕಾರಕ ಸೇವನೆ ಏರಿತೆಂದು ನಂತರದ ಅಧ್ಯಯನಗಳು ತೋರಿಸಿದವು. ಮೆಕ್ಸಿಕೊ 2020ರಲ್ಲಿ ಇಂತಹುದೇ ಪದ್ಧತಿಯನ್ನು ತಂದಾಗ ಈ ಕಂಡಿಯನ್ನು ಮುಚ್ಚಿತು. ಸಿಹಿಕಾರಕವಿದೆ, ಮಕ್ಕಳಿಗೆ ಸೂಕ್ತವಲ್ಲ ಎಂಬ ವಾಕ್ಯವನ್ನು ಅದು ಪೊಟ್ಟಣದ ಮುಂಭಾಗದಲ್ಲೇ, ಕಪ್ಪು ಪಟ್ಟಿಯಲ್ಲಿ, ದೇಶದ ಜನ ಆಡುವ ಸ್ಪ್ಯಾನಿಷ್‌ನಲ್ಲಿ ಬರೆಸುತ್ತದೆ. ಎಚ್ಚರಿಕೆ ಹೊತ್ತ ಪೊಟ್ಟಣಗಳ ಮೇಲೆ ಮಕ್ಕಳನ್ನು ಸೆಳೆಯುವ ಕಾರ್ಟೂನುಗಳಿಗೂ ಅಲ್ಲಿ ಅವಕಾಶವಿಲ್ಲ. ಐರೋಪ್ಯ ಒಕ್ಕೂಟವು ಶಿಶುಗಳಿಗೂ ಮೂರು ವರ್ಷದೊಳಗಿನ ಮಕ್ಕಳಿಗೂ ಎಂದೇ ತಯಾರಿಸಿದ ಆಹಾರಗಳಲ್ಲಿ ಸಿಹಿಕಾರಕವನ್ನೇ ನಿಷೇಧಿಸಿದೆ. ಮೆಕ್ಸಿಕೊದ ವಾಕ್ಯಕ್ಕೂ ಭಾರತದ ವಾಕ್ಯಕ್ಕೂ ಅರ್ಥದಲ್ಲಿ ವ್ಯತ್ಯಾಸವಿಲ್ಲವೆಂಬುದನ್ನು ಗಮನಿಸಬೇಕು. ವ್ಯತ್ಯಾಸವಿರುವುದು ಜಾಗದಲ್ಲಿ, ಗಾತ್ರದಲ್ಲಿ, ಭಾಷೆಯಲ್ಲಿ. ಭಾರತದಲ್ಲಿ ಮುಂಭಾಗದ ಲೇಬಲ್ ಕುರಿತ ಕರಡು ನಿಯಮ 2022ರ ಸೆಪ್ಟೆಂಬರಿನಲ್ಲಿ ಹೊರಬಂದು, ಎಚ್ಚರಿಕೆಯ ಬದಲು ನಕ್ಷತ್ರಗಳ ಮೂಲಕ ಅಂಕ ಕೊಡುವ ಪದ್ಧತಿಯನ್ನು ಸೂಚಿಸಿತು. ಒಳಿತು ಕೆಡುಕುಗಳನ್ನು ಕೂಡಿಸಿ ಕಳೆದು ಕೊಡುವ ನಕ್ಷತ್ರ ಎಚ್ಚರಿಸುವುದಕ್ಕಿಂತ ಸಮಾಧಾನಪಡಿಸುವುದೇ ಹೆಚ್ಚೆಂದು ಗ್ರಾಹಕ ಸಂಘಟನೆಗಳು ಆಕ್ಷೇಪಿಸಿದವು, ಮತ್ತು 2025ರ ಏಪ್ರಿಲ್ 9ರಂದು ಸುಪ್ರೀಂ ಕೋರ್ಟ್ ಈ ವಿಷಯವನ್ನು ಮೂರು ತಿಂಗಳೊಳಗೆ ಇತ್ಯರ್ಥಪಡಿಸುವಂತೆ ಸೂಚಿಸಿದ ಮೇಲೂ ಗಡುವು ವಿಸ್ತರಣೆಗಳು ನಡೆದವು.

ತೆರಿಗೆಯ ದೃಷ್ಟಿಯೂ ಹೆತ್ತವರಿಗೆ ಯಾವ ಸುಳಿವನ್ನೂ ಕೊಡುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ ಜಾರಿಯಲ್ಲಿರುವ ಜಿಎಸ್‌ಟಿ ದರಗಳಲ್ಲಿ ಸಕ್ಕರೆ ಹಾಕಿದ ಗ್ಯಾಸ್ ಪಾನೀಯಕ್ಕೂ ಸಿಹಿಕಾರಕ ಹಾಕಿದ್ದಕ್ಕೂ ಒಂದೇ ಶೇ 40; ಗ್ಯಾಸ್ ಇಲ್ಲದ, ಹಣ್ಣಿನ ರಸದ ಆಧಾರದ ಪಾನೀಯಗಳ ತೆರಿಗೆ ಮಾತ್ರ ಶೇ 12ರಿಂದ 5ಕ್ಕೆ ಇಳಿಯಿತು. ಹಣ್ಣಿನ ಚಿತ್ರ ಹೊತ್ತ ಇಂತಹ ಪೊಟ್ಟಣದಲ್ಲಿ ಹಣ್ಣಿನ ಪಾಲು ಕೇವಲ ಶೇ 10 ಇರಬಹುದೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಆಹಾರ ಮಾರ್ಗಸೂಚಿಯಲ್ಲಿ ಎಚ್ಚರಿಸಿದೆ. ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯ 2019ರ ಮಾರ್ಗಸೂಚಿ ಎರಡು ವರ್ಷದೊಳಗಿನ ಮಗುವಿಗೆ ಹಣ್ಣಿನ ರಸವೇ ಬೇಡ, ಐದು ವರ್ಷದವರೆಗೆ ದಿನಕ್ಕೆ 125 ಮಿಲಿಲೀಟರ್ ಮೀರಬಾರದು ಎನ್ನುತ್ತದೆ.

ನೈಸರ್ಗಿಕವಾದದ್ದೆಲ್ಲ ಸುರಕ್ಷಿತ ಎಂಬ ಮನೋಭಾವ ಈ ಚರ್ಚೆಯ ಇನ್ನೊಂದು ತೊಡಕು. ಸಿಹಿಕಾರಕವನ್ನು ರಾಸಾಯನಿಕವೆಂದು ದೂರವಿಡುವ ಮನೆಗಳಲ್ಲಿ ಬೆಲ್ಲ ಮತ್ತು ಜೇನುತುಪ್ಪಗಳು ಲೆಕ್ಕಕ್ಕೇ ಬಾರದೆ ಮಗುವಿನ ಹಾಲಿಗೂ ಮಾಲ್ಟಿಗೂ ಸೇರುತ್ತವೆ. ಬೆಲ್ಲದ ಬಹುಭಾಗ ಸುಕ್ರೋಸ್, ಅಂದರೆ ಸಕ್ಕರೆಯೇ. ವಿಶ್ವ ಆರೋಗ್ಯ ಸಂಸ್ಥೆ ಬಿಡಿ ಸಕ್ಕರೆ ಎಂದು ಕರೆಯುವ, ಮಿತಿಯೊಳಗಿರಬೇಕಾದ ವರ್ಗದಲ್ಲಿ ಜೇನುತುಪ್ಪವೂ ಹಣ್ಣಿನ ರಸದ ಸಕ್ಕರೆಯೂ ಸೇರಿವೆ. ಕರ್ನಾಟಕ ಸರ್ಕಾರ 2024ರ ಫೆಬ್ರುವರಿಯಿಂದ ಶಾಲಾ ಮಕ್ಕಳಿಗೆ ಕ್ಷೀರಭಾಗ್ಯದ ಹಾಲಿನೊಂದಿಗೆ ವಾರಕ್ಕೆ ಮೂರು ದಿನ ಕೊಡಲಾರಂಭಿಸಿದ ರಾಗಿ ಮಾಲ್ಟಿನಂತಹ ಪಾನೀಯದ ಹಿರಿಮೆಯಿರುವುದು ರಾಗಿಯ ಸುಣ್ಣದಂಶದಲ್ಲೂ ಹಾಲಿನ ಪ್ರೋಟೀನಿನಲ್ಲೂ. ಅದನ್ನು ಮನೆಯಲ್ಲಿ ಮಾಡಿ ಎರಡು ಅಚ್ಚು ಬೆಲ್ಲ ಕರಗಿಸಿದರೆ ಲೆಕ್ಕ ಬೇರೆಯಾಗುತ್ತದೆ.

ಸಕ್ಕರೆ ಬಿಟ್ಟು ಸಿಹಿಕಾರಕ ಹಿಡಿಯಬೇಕೆ, ಸಿಹಿಕಾರಕಕ್ಕೆ ಹೆದರಿ ಸಕ್ಕರೆಗೇ ಮರಳಬೇಕೆ ಎಂಬ ಇಕ್ಕಟ್ಟು, ಹೀಗಾಗಿ, ಬಹುಮಟ್ಟಿಗೆ ಅಂಗಡಿಯ ಫ್ರಿಜ್ಜು ಒಡ್ಡಿದ್ದು. ಇದರ ನಡುವೆ ಗುರುತಿಸಲು ಅತಿ ಕಷ್ಟವಾದವು ಮಿಶ್ರ ಪಾನೀಯಗಳು: ಸಕ್ಕರೆಯನ್ನು ಭಾಗಶಃ ಇಳಿಸಿ, ಕುಂದಿದ ಸಿಹಿಯನ್ನು ಸಿಹಿಕಾರಕದಿಂದ ತುಂಬಿದ ಇವುಗಳ ಹೆಸರಿನಲ್ಲಿ ಡಯಟ್ ಎಂದಾಗಲಿ ಸೊನ್ನೆ ಎಂದಾಗಲಿ ಇರುವುದಿಲ್ಲ, ಆದ್ದರಿಂದ ಡಯಟ್ ಪಾನೀಯವನ್ನು ಮಗುವಿಗೆ ಕೊಡುವುದಿಲ್ಲವೆಂದು ನಿರ್ಧರಿಸಿದ ತಾಯಿಯೂ ಇದನ್ನು ಎಂದಿನ ಪಾನೀಯವೆಂದೇ ಕೊಳ್ಳುತ್ತಾಳೆ. 950ರಿಂದ 961ರ ನಡುವಿನ ಸಂಖ್ಯೆಯೊಂದು ಪದಾರ್ಥಪಟ್ಟಿಯಲ್ಲಿ ಕಂಡರೆ ಅದು ಸಿಹಿಕಾರಕವೆಂದು ತಿಳಿದಿರುವುದೊಂದೇ, ಹಿಂಬದಿಯ ಆ ಎಚ್ಚರಿಕೆಯ ಸಾಲನ್ನು ಬಿಟ್ಟರೆ, ಸದ್ಯಕ್ಕೆ ಅವಳಿಗಿರುವ ಆಸರೆ. ಬಿಡಿಯಾಗಿ ಮಾರುವ ಐಸ್ ಕ್ಯಾಂಡಿಗೂ ಲೋಟಕ್ಕೆ ಸುರಿದು ಕೊಡುವ ಪಾನೀಯಕ್ಕೂ ಆ ಪಟ್ಟಿಯೂ ಇರುವುದಿಲ್ಲ.

ಉಳಿದಿರುವುದು ಭಾಷೆಯ ಪ್ರಶ್ನೆ. 2020ರ ಲೇಬಲ್ ನಿಯಮಾವಳಿಯ ಪ್ರಕಾರ ಕಡ್ಡಾಯ ವಿವರಗಳು ಇಂಗ್ಲಿಷಿನಲ್ಲೋ ದೇವನಾಗರಿ ಲಿಪಿಯ ಹಿಂದಿಯಲ್ಲೋ ಇದ್ದರೆ ಸಾಕು, ಬೇರೆ ಭಾಷೆಯನ್ನು ಜೊತೆಗೆ ಬಳಸಲು ಅಡ್ಡಿಯಿಲ್ಲ. ಹೀಗಾಗಿ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ, ಕನ್ನಡ ಪತ್ರಿಕೆಯನ್ನು ಪ್ರತಿದಿನ ಮೊದಲಿನಿಂದ ಕೊನೆಯವರೆಗೆ ಓದುವ ಅಜ್ಜಿ ತಾತಂದಿರಿಗೆ ಮೊಮ್ಮಗು ಕೇಳಿದ ಬಾಟಲಿಯ ಮೇಲಿನ ಆ ಒಂದು ವಾಕ್ಯ ನಿಲುಕುವುದಿಲ್ಲ. ಇತ್ತ 2024ರ ಮಾರ್ಚ್‌ನಲ್ಲಿ ಜಾರಿಗೆ ಬಂದ, ಕನ್ನಡ ಭಾಷಾ ಸಮಗ್ರ ಅಭಿವೃದ್ಧಿಯ 2022ರ ಕಾಯ್ದೆ, ರಾಜ್ಯದಲ್ಲಿ ತಯಾರಾಗುವ ಗ್ರಾಹಕ ವಸ್ತುಗಳ ಮೇಲೆ ಹೆಸರು ಮತ್ತು ಬಳಕೆಯ ಸೂಚನೆಗಳು ಬೇರೆ ಭಾಷೆಯ ಜೊತೆಗೆ ಕನ್ನಡದಲ್ಲೂ ಇರಬೇಕೆನ್ನುತ್ತದೆ. ವಿಜಯನಗರದಿಂದ ಮೈಸೂರು ರಸ್ತೆ ಹಿಡಿದು ಕೆಂಗೇರಿ ದಾಟಿದರೆ ಸಿಗುವ ಬಿಡದಿಯಲ್ಲೇ ತಂಪು ಪಾನೀಯ ತುಂಬುವ ದೊಡ್ಡ ಕಾರ್ಖಾನೆಯಿದೆ. ಅಂತಹ ಕಾರ್ಖಾನೆಯಿಂದ ಹೊರಬೀಳುವ ಬಾಟಲಿಯ ಮೇಲೆ ಪಾನೀಯದ ಹೆಸರು ಕನ್ನಡದಲ್ಲಿ ಇರಬೇಕೆಂಬುದರಲ್ಲಿ ಅನುಮಾನವಿಲ್ಲ. ಮಕ್ಕಳಿಗೆ ಶಿಫಾರಸು ಮಾಡುವುದಿಲ್ಲ ಎಂಬ ಮಾತು ಬಳಕೆಯ ಸೂಚನೆಯೇ ಎಂಬುದನ್ನು ರಾಜ್ಯ ಸರ್ಕಾರ ಒಂದು ಸುತ್ತೋಲೆಯಲ್ಲಿ ಸ್ಪಷ್ಟಪಡಿಸಬಹುದು, ಮತ್ತು ಹಾಗೆ ಮಾಡಲು ಕೇಂದ್ರದ ಲೇಬಲ್ ನಿಯಮಾವಳಿಯ ಒಂದಕ್ಷರವನ್ನೂ ತಿದ್ದಬೇಕಿಲ್ಲ.